"ಮತ್ತೆ ಉಣ್ಣುವುದು ಎಲ್ಲಿಗೆ?": ಜಠರ ತೆಗೆದ ಉಮ್ಮನ ಜೊತೆ ನಾವು ಕಲಿತದ್ದು

"ಜಠರವನ್ನು ಪೂರ್ತಿ ತೆಗೆಯಬೇಕಾಗುತ್ತದೆ" ಎಂದು ಡಾಕ್ಟರ್ ಹೇಳಿದಾಗ ನಾವು ಮೂವರು ಮಕ್ಕಳು ಬಾಯಿ ಕಟ್ಟಿದವರಂತೆ ಕೂತಿದ್ದೆವು. ಮೊದಲು ಮಾತಾಡಿದ್ದು ಉಮ್ಮನೇ. "ಮತ್ತೆ ಉಣ್ಣುವುದು ಎಲ್ಲಿಗೆ ಡಾಕ್ಟ್ರೇ?"

ಡಾಕ್ಟರ್ ನಗಲಿಲ್ಲ. ಮೇಜಿನ ಮೇಲಿದ್ದ ಕಾಗದದಲ್ಲಿ ಒಂದು ಚಿತ್ರ ಬಿಡಿಸಿ ತೋರಿಸಿದರು. ಆ ಕಾಗದ ಈಗಲೂ ನಮ್ಮ ಮನೆಯ ಕಪಾಟಿನಲ್ಲಿ, ರೇಷನ್ ಕಾರ್ಡಿನ ಜೊತೆ ಉಂಟು.

ಇದಾಗಿ ಈಗ ಮೂರನೇ ವರ್ಷ. ಕಳೆದ ಕೆಲವು ತಿಂಗಳಲ್ಲಿ ಇದೇ ಆಪರೇಷನ್‌ಗೆ ಹೊರಟ ಎರಡು ಕುಟುಂಬದವರು ಯಾರ ಮೂಲಕವೋ ನಮ್ಮ ನಂಬರ್ ಪಡೆದು ಫೋನ್ ಮಾಡಿದ್ದರು. ಇಬ್ಬರೂ ಕೇಳಿದ್ದು ಉಮ್ಮ ಕೇಳಿದ ಪ್ರಶ್ನೆಯನ್ನೇ. ಹಾಗಾಗಿ ನಮಗೆ ಗೊತ್ತಾದದ್ದನ್ನು, ನಮ್ಮ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ. ಇದು ಡಾಕ್ಟರ್ ಹೇಳುವ ಮಾತಿಗೆ ಬದಲಿ ಅಲ್ಲ. ಡಾಕ್ಟರ್ ಹೇಳಿದ ಮೇಲೆ ಮನೆಯಲ್ಲಿ ಏನಾಗುತ್ತದೆ ಎಂಬುದಷ್ಟೆ.

ಗ್ಯಾಸ್ಟ್ರಿಕ್ ಎಂದು ಕಳೆದ ಒಂಬತ್ತು ತಿಂಗಳು

ಉಮ್ಮನಿಗೆ ಆಗ 61 ವರ್ಷ. ಹದಿನೈದರ ಪ್ರಾಯದಿಂದ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ ಇಟ್ಟು ಕೂತರೆ ಊಟದ ಹೊತ್ತು ಗೊತ್ತಾಗುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ಕೊನೆಗೆ ತಿನ್ನುವ ಜಾಯಮಾನ. ನಮ್ಮ ಹೆಚ್ಚಿನ ಮನೆಗಳ ಉಮ್ಮಂದಿರು ಹೀಗೆಯೇ ಅಲ್ಲವೇ?

ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿತು ಎನ್ನುತ್ತಿದ್ದರು. ಎದೆಯ ಕೆಳಗೆ ಉರಿ. ಮೆಡಿಕಲ್‌ನಿಂದ ಗ್ಯಾಸ್ಟ್ರಿಕ್ ಮಾತ್ರೆ ಬಂತು, ಜೀರಿಗೆ ನೀರು ಬಂತು, ಸೋಡಾ ಬಂತು. ಎರಡು ದಿನ ಕಡಿಮೆ, ಮತ್ತೆ ಶುರು. ಬಟ್ಟೆ ಸಡಿಲವಾದಾಗ "ಶುಗರ್ ಕಂಟ್ರೋಲಿಗೆ ಬಂತು" ಎಂದು ನಾವು ಖುಷಿಪಟ್ಟದ್ದೂ ಉಂಟು! ಮೆಟ್ಟಿಲು ಹತ್ತುವಾಗ ಏದುಸಿರು ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 7 ಇತ್ತು. ಮಲ ಕಪ್ಪಗೆ ಡಾಂಬರಿನ ಹಾಗೆ ಹೋಗುತ್ತಿತ್ತು ಎಂದು ಉಮ್ಮ ಬಾಯಿ ಬಿಟ್ಟದ್ದೇ ಅವತ್ತು. ಅದನ್ನೆಲ್ಲ ಗಂಡು ಮಕ್ಕಳ ಹತ್ತಿರ ಹೇಳುವುದು ಹೇಗೆ ಎಂದು ನಾಚಿಕೆ.

ಎಂಡೋಸ್ಕೋಪಿಗೆ ಹತ್ತು ನಿಮಿಷ ಸಾಕಾಯಿತು. ಅಲ್ಲಿಂದ ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದರು. ಒಂದು ವಾರದ ನಂತರ ಬಂದ ವರದಿಯಲ್ಲಿ ಜಠರದ ಕ್ಯಾನ್ಸರ್ ಎಂದಿತ್ತು.

ಒಂಬತ್ತು ತಿಂಗಳು ಕಳೆದುಕೊಂಡೆವಲ್ಲ ಎಂಬ ಸಂಕಟ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಹಾಗಾಗಿ ಮೊದಲು ಇದನ್ನೇ ಹೇಳುತ್ತೇವೆ. ನಡು ಪ್ರಾಯ ದಾಟಿದವರಿಗೆ ಹೊಸದಾಗಿ ಗ್ಯಾಸ್ಟ್ರಿಕ್ ಶುರುವಾಗಿ ಕೆಲವು ವಾರದಲ್ಲಿ ಹೋಗದಿದ್ದರೆ, ಬೇಗ ಹೊಟ್ಟೆ ತುಂಬಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ ಮಾತ್ರೆ ನುಂಗುತ್ತಾ ಕೂರಬೇಡಿ. ಎಂಡೋಸ್ಕೋಪಿ ಬೇಕೇ ಎಂದು ಡಾಕ್ಟರ್ ಹತ್ತಿರ ನೀವೇ ಬಾಯಿ ಬಿಟ್ಟು ಕೇಳಿ.

ಜಠರದಲ್ಲಿ ವರ್ಷಗಟ್ಟಲೆ ಮನೆ ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಈ ಕ್ಯಾನ್ಸರಿನ ದೊಡ್ಡ ಕಾರಣಗಳಲ್ಲಿ ಒಂದು. ಅದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಬೀಡಿ ಸಿಗರೇಟು, ಅತಿಯಾದ ಉಪ್ಪಿನ ಆಹಾರವೂ ಅಪಾಯ ಹೆಚ್ಚಿಸುತ್ತವೆ. ಉಮ್ಮನ ವರದಿ ಬಂದ ಮೇಲೆ ನಾವು ಮಕ್ಕಳೂ ಪರೀಕ್ಷೆ ಮಾಡಿಸಿದೆವು. ಇಬ್ಬರಲ್ಲಿ ಆ ರೋಗಾಣು ಇತ್ತು, ಎರಡು ವಾರದ ಔಷಧಿಯಲ್ಲಿ ಹೋಯಿತು.

ಕಾಗದದ ಮೇಲಿನ ಚಿತ್ರ

ಡಾಕ್ಟರ್ ಬಿಡಿಸಿದ ಚಿತ್ರದಲ್ಲಿ ಅನ್ನನಾಳ, ಅದರ ಕೆಳಗೆ ಚೀಲದಂತಹ ಜಠರ, ಅದರ ಕೆಳಗೆ ಸಣ್ಣ ಕರುಳು. ಚೀಲವನ್ನು ಗೀಟು ಹಾಕಿ ಹೊಡೆದರು. ಸಣ್ಣ ಕರುಳನ್ನು ಮೇಲಕ್ಕೆ ಎಳೆದು ನೇರ ಅನ್ನನಾಳಕ್ಕೆ ಜೋಡಿಸಿದರು. ಪಿತ್ತರಸ ಮೇಲಕ್ಕೆ ಬಾರದಂತೆ ಅದರ ದಾರಿಯನ್ನು ಇನ್ನೂ ಕೆಳಗೆ ಸೇರಿಸಿದರು. "ಜಠರ ಅಂದರೆ ಗೋಡೌನ್. ಊಟವನ್ನು ಸಂಗ್ರಹಿಸಿಟ್ಟು, ಅರೆದು, ಸ್ವಲ್ಪ ಸ್ವಲ್ಪ ಕೆಳಗೆ ಬಿಡುವುದು ಅದರ ಕೆಲಸ. ಸಾರ ಹೀರಿಕೊಳ್ಳುವುದು ಹೆಚ್ಚಿನಂಶ ಕರುಳೇ. ಗೋಡೌನ್ ಇಲ್ಲದಿದ್ದರೂ ಅಂಗಡಿ ನಡೆಸಬಹುದು. ಆದರೆ ಮಾಲು ಸ್ವಲ್ಪ ಸ್ವಲ್ಪವೇ ತರಿಸಬೇಕು" ಎಂದರು. ವ್ಯಾಪಾರದ ಮಾತಲ್ಲವೇ, ಉಮ್ಮನಿಗೆ ಕೂಡಲೇ ಅರ್ಥವಾಯಿತು.

ಇದು ಹೊಸ ಪ್ರಯೋಗವೂ ಅಲ್ಲ. ಸ್ವಿಟ್ಜರ್‌ಲ್ಯಾಂಡಿನ ಝೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ ಎಂಬ ಸರ್ಜನ್ 1897ರಲ್ಲಿಯೇ ಒಬ್ಬ ಮಹಿಳೆಯ ಜಠರವನ್ನು ಪೂರ್ತಿ ತೆಗೆದು ಬದುಕಿಸಿದ್ದರು. ಆಕೆ ಒಂದು ವರ್ಷಕ್ಕಿಂತ ಹೆಚ್ಚು ಬದುಕಿದ್ದರು. ತೂಕ ಇಳಿಸಲು ಜಠರದ ಒಂದು ಭಾಗ ಕತ್ತರಿಸುವ ಆಪರೇಷನ್ ಬೇರೆ. ಅದನ್ನೂ ಇದನ್ನೂ ಒಂದೇ ಎಂದು ಗೊಂದಲ ಮಾಡಿಕೊಂಡು ನಮಗೆ ಸಲಹೆ ಕೊಟ್ಟವರು ಬಹಳ ಮಂದಿ.

ಆಪರೇಷನ್‌ಗೆ ಮೊದಲಿನ ಮೂರು ತಿಂಗಳು

ಕೂಡಲೇ ಕತ್ತರಿಸುತ್ತಾರೆ ಎಂದು ನಾವು ತಿಳಿದದ್ದು. ಹಾಗಾಗಲಿಲ್ಲ. ಮೊದಲು ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಕೀಮೋ, ನಂತರ ಒಂದು ತಿಂಗಳ ವಿಶ್ರಾಂತಿ. ಆ ಸಮಯ ವ್ಯರ್ಥ ಎಂದು ಚಡಪಡಿಸುತ್ತಿದ್ದ ನಮಗೆ ಅಲ್ಲಿನ ಡಯೆಟಿಷಿಯನ್ ಬುದ್ಧಿ ಹೇಳಿದರು: "ಮದುವೆಗೆ ಮನೆ ಸುಣ್ಣ ಬಳಿಯುವುದಿಲ್ಲವಾ? ಈಗ ದೇಹಕ್ಕೆ ಸುಣ್ಣ ಬಳಿಯುವ ಸಮಯ."

ನಾವು ಮಾಡಿದ್ದು ಇಷ್ಟು. ದಿನಕ್ಕೆ ಎರಡು ಮೊಟ್ಟೆ, ಮೀನು ಅಥವಾ ಕೋಳಿ, ಬೇಳೆ, ಮೊಸರು. ಬೆಳಿಗ್ಗೆ ಸಂಜೆ ಅಂಗಳದಲ್ಲಿ ನಡಿಗೆ. ಮೂರು ಚೆಂಡುಗಳ ಉಸಿರಾಟದ ಡಬ್ಬಿಯಲ್ಲಿ ಗಂಟೆಗೆ ಹತ್ತು ಸಲ ಎಳೆಯುವುದು. ಮೊಮ್ಮಕ್ಕಳು ಅದಕ್ಕೆ ಪೈಪೋಟಿ ಇಟ್ಟ ಕಾರಣ ಉಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಹಲ್ಲಿನ ಡಾಕ್ಟರ್ ಹತ್ತಿರವೂ ಹೋದೆವು. ಇನ್ನು ಮುಂದೆ ಅರೆಯುವ ಕೆಲಸ ಪೂರ್ತಿ ಬಾಯಿಯದ್ದೇ ಆದ್ದರಿಂದ ಅಲುಗಾಡುತ್ತಿದ್ದ ದವಡೆ ಹಲ್ಲಿಗೆ ಮೊದಲೇ ದಾರಿ ಮಾಡಿದ್ದು ಒಳ್ಳೆಯದಾಯಿತು. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಮನೆಮದ್ದು, ಹಕೀಮರ ಕಷಾಯ ಏನೇ ಇದ್ದರೂ ಮುಚ್ಚಿಡದೆ ಅರಿವಳಿಕೆ ಡಾಕ್ಟರಿಗೆ ಹೇಳಬೇಕು. ಬೀಡಿ ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಇಲ್ಲದಿದ್ದರೆ ಗಾಯ ಮಾಯುವುದೂ ಕಷ್ಟ, ಶ್ವಾಸಕೋಶಕ್ಕೂ ಕಷ್ಟ.

ದುಡ್ಡಿನ ಮಾತು. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಒಂದು ಭಾಗ ಮಾತ್ರ ಸಿಗುತ್ತದೆ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾದೀತು. ಅಡ್ಮಿಟ್ ಆಗುವ ಮೊದಲೇ ವೆನ್ಲಾಕ್‌ನಂತಹ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ ಕಾಗದ ಸರಿ ಮಾಡಿಕೊಳ್ಳಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದ ಕಾರಣ ನಾವು ನಾಲ್ಕು ದಿನ ಓಡಾಡಿದೆವು. ಯೋಜನೆಗೆ ಸೇರದ ಖರ್ಚೂ ಬರುತ್ತದೆ. ದಮ್ಮಾಮ್‌ನಲ್ಲಿರುವ ತಮ್ಮ ಕಳಿಸಿದ ದುಡ್ಡು ಹೋದದ್ದು ಅದಕ್ಕೆ. ರಕ್ತಕ್ಕೆ ಮಾತ್ರ ಪರದಾಡಲಿಲ್ಲ, ಜಮಾಅತ್‌ನ ಹುಡುಗರು ಕರೆದ ಕೂಡಲೇ ಬಂದರು.

ಆಸ್ಪತ್ರೆಯ ಹನ್ನೊಂದು ದಿನ

ಹಿಂದಿನ ರಾತ್ರಿ ಉಮ್ಮ ಎಲ್ಲರ ಹತ್ತಿರ "ಪೊರುತ್ತ ಮಾಡಿ" ಎಂದು ಕ್ಷಮೆ ಕೇಳಿದರು. ನಾವು ಹೊರಗೆ ಹೋಗಿ ಅತ್ತೆವು. ಗಟ್ಟಿ ಆಹಾರ ಆರು ಗಂಟೆ ಮೊದಲು, ನೀರು ಎರಡು ಗಂಟೆ ಮೊದಲು ನಿಲ್ಲಿಸಿದರು. ಆಪರೇಷನ್ ಐದು ಗಂಟೆ ಹಿಡಿಯಿತು.

ಐಸಿಯುನಲ್ಲಿ ನೋಡಿದಾಗ ಮೂಗಿನಲ್ಲಿ, ಹೊಟ್ಟೆಯಲ್ಲಿ, ಕೈಯಲ್ಲಿ ಎಲ್ಲ ಕಡೆ ನಳಿಗೆ. ಹೊಟ್ಟೆಯ ಎಡಬದಿಯಲ್ಲಿದ್ದ ಒಂದು ನಳಿಗೆ ಆಹಾರಕ್ಕಾಗಿ ನೇರ ಸಣ್ಣ ಕರುಳಿಗೆ ಹಾಕಿದ್ದು. ಎಲ್ಲ ರೋಗಿಗಳಿಗೂ ಅದನ್ನು ಇಡುವುದಿಲ್ಲ. ಉಮ್ಮನಿಗೆ ಅದು ಆರು ವಾರ ಇತ್ತು. ಬಾಯಿಯಲ್ಲಿ ಸೇರದ ದಿನ ಅದೇ ಕಾಪಾಡಿತು.

ಮಾರನೇ ದಿನವೇ ಎಬ್ಬಿಸಿ ನಡೆಸಿದಾಗ "ಇವರಿಗೆ ಕರುಣೆಯೇ ಇಲ್ಲವಾ" ಎಂದು ನಮಗೆ ಸಿಟ್ಟು ಬಂದಿತ್ತು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ ಎಂದು ನರ್ಸ್ ವಿವರಿಸಿದ ಮೇಲೆ ನಾವೇ ಕೈ ಹಿಡಿದು ನಡೆಸಿದೆವು. ಮೊದಲ ವಾರ ಡಾಕ್ಟರುಗಳಿಗೆ ಇದ್ದ ದೊಡ್ಡ ಹೆದರಿಕೆ ಜೋಡಿಸಿದ ಜಾಗದಲ್ಲಿ ಸೋರಿಕೆ. ಜ್ವರ, ನಾಡಿ ಬಡಿತ, ಹೊಟ್ಟೆನೋವು, ಉಸಿರು ನೋಡುತ್ತಲೇ ಇದ್ದರು. ಆರನೇ ದಿನ ಒಂದು ಚಮಚ ನೀರು ಕೊಟ್ಟರು. "ಝಂಝಂ ಕುಡಿದ ಹಾಗಾಯಿತು" ಎಂದರು ಉಮ್ಮ.

ಇನ್ನೊಂದು ವಿಷಯ. ಡ್ರೆಸ್ಸಿಂಗ್‌ಗೆ ಮಹಿಳಾ ನರ್ಸ್ ಬೇಕು, ತಲೆಗೆ ಬಟ್ಟೆ ಬೇಕು ಎಂದು ನಾವು ಮೊದಲೇ ಕೇಳಿಕೊಂಡಿದ್ದೆವು, ಮಾಡಿಕೊಟ್ಟರು. ಹಾಸಿಗೆಯಲ್ಲೇ ತಯಮ್ಮುಮ್ ಮಾಡಿ ನಮಾಝ್ ಮಾಡಲು ಯಾರೂ ಅಡ್ಡಿ ಮಾಡಲಿಲ್ಲ. ಕೇಳಲು ಸಂಕೋಚಪಟ್ಟುಕೊಂಡು ಚಿಕಿತ್ಸೆಯನ್ನೇ ಮುಂದೂಡುವವರಿದ್ದಾರೆ. ಕೇಳಿ ನೋಡಿ.

ಒಂದು ಗ್ಲಾಸ್ ಶರಬತ್ತಿನ ಕಥೆ

ಮನೆಗೆ ಬಂದು ಹತ್ತನೇ ದಿನ. ನೋಡಲು ಬಂದ ಹತ್ತಿರದ ಸಂಬಂಧಿಯೊಬ್ಬರು "ಪಾಪ, ಎಷ್ಟು ಒಣಗಿ ಹೋಗಿದ್ದಾಳೆ" ಎಂದು ಪ್ರೀತಿಯಿಂದ ಒಂದು ಗ್ಲಾಸ್ ಶರಬತ್ತು ಕುಡಿಸಿದರು. ನಾವು ಅಡುಗೆಮನೆಯಲ್ಲಿದ್ದೆವು. ಇಪ್ಪತ್ತು ನಿಮಿಷ ಆಗಿರಲಿಕ್ಕಿಲ್ಲ, ಉಮ್ಮ ಬೆವರಿ ತೊಪ್ಪೆ. ಎದೆ ಢವಢವ, ಹೊಟ್ಟೆ ಹಿಂಡಿ ಭೇದಿ. ಹಾರ್ಟ್ ಅಟ್ಯಾಕ್ ಎಂದೇ ತಿಳಿದು ಆಟೋದಲ್ಲಿ ಹಾಕಿಕೊಂಡು ಓಡಿದೆವು.

ಅದರ ಹೆಸರು ಡಂಪಿಂಗ್ ಸಿಂಡ್ರೋಮ್. ಗೋಡೌನ್ ಇಲ್ಲವಲ್ಲ, ಸಕ್ಕರೆಯೆಲ್ಲ ಒಮ್ಮೆಲೇ ಕರುಳಿಗೆ ಸುರಿದು ಮೈಯ ನೀರನ್ನು ಕರುಳು ಎಳೆದುಕೊಳ್ಳುತ್ತದೆ. ಇದು ಉಂಡು ಹತ್ತರಿಂದ ಮೂವತ್ತು ನಿಮಿಷದಲ್ಲಿ ಬರುವಂಥದ್ದು. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ. ಏರಿದ ಸಕ್ಕರೆಗೆ ಇನ್ಸುಲಿನ್ ಅತಿಯಾಗಿ ಸುರಿದು ಶುಗರ್ ಕುಸಿಯುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಆ ದಿನದಿಂದ ಶರಬತ್ತು, ಜ್ಯೂಸ್, ಹಲ್ವ, ಸಕ್ಕರೆ ಹಾಕಿದ ಹಾಲು ಎಲ್ಲ ಬಂದ್. ರೋಗಿಯನ್ನು ನೋಡಲು ಹೋಗುವಾಗ ಖಾಲಿ ಕೈಯಲ್ಲಿ ಹೋಗಬಾರದು ಎಂಬುದು ನಮ್ಮ ರಿವಾಜು. ಒಳ್ಳೆಯದೇ. ಆದರೆ ಮನೆಯವರನ್ನು ಕೇಳದೆ ಬಾಯಿಗೆ ಏನೂ ಹಾಕಬೇಡಿ.

ಗಡಿಯಾರ ನೋಡಿ ಊಟ

ನಮಗೆ ಎಲ್ಲಕ್ಕಿಂತ ವಿಚಿತ್ರ ಅನಿಸಿದ್ದು ಉಮ್ಮನಿಗೆ ಹಸಿವೇ ಆಗದಿದ್ದದ್ದು. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದೇ ಜಠರದಲ್ಲಂತೆ. ಅದು ಹೋದ ಮೇಲೆ ಊಟ ಎಂಬುದು ಔಷಧಿ ತೆಗೆದುಕೊಂಡ ಹಾಗೆ. "ಮೂಗಿಗೆ ಮೀನು ಪೊರಿಯುವ ವಾಸನೆ ಬರುತ್ತದೆ ಮಗಾ, ಹೊಟ್ಟೆ ಮಾತಾಡುವುದಿಲ್ಲ" ಎಂದು ಒಮ್ಮೆ ಅತ್ತುಬಿಟ್ಟರು. ಊರಿಗೆಲ್ಲ ಉಣಿಸಿದ ಹೆಂಗಸು. ಆಗ ನಮಗೆ ಸಮಾಧಾನದ ಮಾತು ಒಂದೂ ಬರಲಿಲ್ಲ.

ಮೊಬೈಲಿನಲ್ಲಿ ಏಳು ಅಲಾರಂ ಇಟ್ಟೆವು. ಬೆಳಿಗ್ಗೆ 7ರಿಂದ ರಾತ್ರಿ 9ರ ತನಕ ಎರಡೆರಡು ಗಂಟೆಗೆ ಒಂದು ಊಟ, ಮಧ್ಯಾಹ್ನ ಒಂದು ನಿದ್ದೆ. ಚಹಾದ ಬಸಿಯೇ ಉಮ್ಮನ ಬಟ್ಟಲು. ಒಂದೊಂದು ತುತ್ತನ್ನೂ ಪಾಯಸದ ಹಾಗೆ ಆಗುವ ತನಕ ಅಗಿಯುವುದು. ಊಟದ ಜೊತೆ ನೀರು ಇಲ್ಲ. ಅರ್ಧ ಗಂಟೆ ಮೊದಲು ಅಥವಾ ಅರ್ಧ ಗಂಟೆ ಬಿಟ್ಟು, ಅದೂ ಗುಟುಕು ಗುಟುಕಾಗಿ. ರಾತ್ರಿ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಬೇಕೆಂದು ಮಲಗುವ ಹೊತ್ತನ್ನು ಹನ್ನೊಂದಕ್ಕೆ ತಂದೆವು. ತಲೆಯ ಬದಿ ಎರಡು ದಿಂಬು, ಇಲ್ಲದಿದ್ದರೆ ಪಿತ್ತ ಗಂಟಲಿಗೆ ಬರುತ್ತದೆ.

ನಮ್ಮ ಅಡುಗೆಯಲ್ಲಿ ಯಾವುದು ಸೇರಿತು, ಯಾವುದು ಸೇರಲಿಲ್ಲ? ಮೆತ್ತಗೆ ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಕಾಣೆ ಮತ್ತು ನಂಗ್ ಮೀನು, ಕಡಿಮೆ ಖಾರದ ಸಾರು ಸುಲಭವಾಗಿ ಹೋಯಿತು. ಗಂಜಿ ಎಲ್ಲರಿಗೂ ಒಳ್ಳೆಯದು ಎಂದು ತಿಳಿದಿದ್ದೆವು. ತೆಳು ಗಂಜಿ ನೀರಿನ ಹಾಗೆ ಓಡಿಹೋಗುತ್ತದೆ, ಶಕ್ತಿಯೂ ಇಲ್ಲ. ತಿಳಿ ಬಸಿದು, ಅನ್ನವನ್ನು ಹಿಸುಕಿ, ಅದಕ್ಕೆ ಮೊಟ್ಟೆ ಅಥವಾ ಮೀನು ಸೇರಿಸಿದಾಗ ಸರಿಯಾಯಿತು. ಪುಂಡಿ ಅಂಟಿಕೊಂಡು ಎದೆಯಲ್ಲಿ ಸಿಕ್ಕಿಹಾಕಿಕೊಂಡಂತಾಯಿತು. ಹಲಸಿನ ಹಣ್ಣು, ಕಿತ್ತಳೆಯ ನಾರು ಬೇಡ ಎಂದರು. ಹಾಲು ಕುಡಿದರೆ ಭೇದಿ, ಮೊಸರು ಪರವಾಗಿಲ್ಲ. ನೈಚೋರು, ಬಿರಿಯಾನಿ ಎರಡು ಚಮಚಕ್ಕೆ ಬಂದದ್ದು ವರ್ಷ ಕಳೆದ ಮೇಲೆ. ಒಬ್ಬರಿಗೆ ಸೇರಿದ್ದು ಇನ್ನೊಬ್ಬರಿಗೆ ಸೇರಬೇಕೆಂದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ತಿಂದದ್ದು, ಆದದ್ದು ಎರಡನ್ನೂ ಬರೆದಿಟ್ಟರೆ ಡಾಕ್ಟರಿಗೂ ಸುಲಭ.

ಕಾಯಿಲೆಗೆ ಮೊದಲು 62 ಕೆ.ಜಿ. ಇದ್ದ ಉಮ್ಮ ಆಪರೇಷನ್ ದಿನ 55, ಆರು ತಿಂಗಳಿಗೆ 46. ಈಗ 49. ಹಳೆಯ ತೂಕ ಮರಳಿ ಬರುವುದು ಅಪರೂಪ ಎಂದು ಮೊದಲೇ ಗೊತ್ತಿದ್ದಿದ್ದರೆ ನಾವು ಅಷ್ಟು ಗಾಬರಿಪಡುತ್ತಿರಲಿಲ್ಲ. ಆಪರೇಷನ್ ನಂತರವೂ ನಾಲ್ಕು ಕೀಮೋ ಬರೆದಿದ್ದರು, ಉಮ್ಮ ತಾಳಿಕೊಂಡದ್ದು ಎರಡನ್ನು. ಡಾಕ್ಟರೇ ಸಾಕು ಎಂದರು.

ಇಂಜೆಕ್ಷನ್, ಕ್ಯಾಪ್ಸೂಲ್ ಮತ್ತು ಒಂದು ಪ್ರಶ್ನೆ

ವಿಟಮಿನ್ ಬಿ12ನ್ನು ದೇಹ ಹೀರಿಕೊಳ್ಳಲು ಬೇಕಾದ ಒಂದು ಅಂಶ ತಯಾರಾಗುವುದು ಜಠರದಲ್ಲಿ. ಜಠರ ಇಲ್ಲದ ಮೇಲೆ ಎಷ್ಟು ಮಾಂಸ ಮೀನು ತಿಂದರೂ ಅದು ಸಾಲದು, ಜೀವನಪೂರ್ತಿ ಇಂಜೆಕ್ಷನ್ ಬೇಕು. ಪಿತ್ತಜನಕಾಂಗದಲ್ಲಿ ಹಳೆಯ ದಾಸ್ತಾನು ಇರುವುದರಿಂದ ಮೊದಲೊಂದೆರಡು ವರ್ಷ ಏನೂ ಗೊತ್ತಾಗುವುದಿಲ್ಲ. "ಹುಷಾರಾಗಿದ್ದೇನಲ್ಲ, ಇನ್ನು ಯಾಕೆ ಸೂಜಿ" ಎಂದು ಬಿಟ್ಟವರಿಗೆ ಆಮೇಲೆ ರಕ್ತಹೀನತೆ, ಕೈಕಾಲು ಜೋಮು, ಮರೆವು ಶುರುವಾಗುತ್ತದೆ. ನಾವು ಪ್ರತಿ ತಿಂಗಳ ಮೊದಲ ಶುಕ್ರವಾರ ಎಂದು ಇಟ್ಟುಕೊಂಡಿದ್ದೇವೆ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಸಹ ಬೇಕು. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಆಮ್ಲ ಇಲ್ಲದೆಯೂ ದೇಹಕ್ಕೆ ಸೇರುತ್ತದೆ.

ಎಣ್ಣೆಯಂತೆ ತೇಲುವ ಮಲ ಹೋಗುತ್ತಿದ್ದಾಗ ಡಾಕ್ಟರ್ ಜೀರ್ಣಕ್ಕೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಬರೆದರು. ಅದು ಹಂದಿಯ ಮೇದೋಜ್ಜೀರಕ ಗ್ರಂಥಿಯಿಂದ ಮಾಡಿದ್ದು ಎಂದು ತಮ್ಮ ಫೋನಿನಲ್ಲಿ ಹೇಳಿದ. ಉಮ್ಮ ಡಬ್ಬಿಯನ್ನು ದೂರ ಸರಿಸಿದರು. ಆಪರೇಷನ್ ಸಮಯದಲ್ಲಿ ರಕ್ತ ಹೆಪ್ಪುಗಟ್ಟದಿರಲು ಚುಚ್ಚಿದ ಹೆಪಾರಿನ್ ಕೂಡ ಹೆಚ್ಚಾಗಿ ಅದೇ ಮೂಲದ್ದು ಎಂದು ಆಮೇಲೆ ಗೊತ್ತಾಯಿತು. ನಾವು ಮಸೀದಿಯ ಉಸ್ತಾದರ ಹತ್ತಿರ ಹೋದೆವು. ಅವರು ಎರಡೇ ಪ್ರಶ್ನೆ ಕೇಳಿದರು. ಅದೇ ಕೆಲಸ ಮಾಡುವ ಬೇರೆ ಔಷಧಿ ಉಂಟಾ? ಇದಿಲ್ಲದಿದ್ದರೆ ತೊಂದರೆ ಆಗುತ್ತದಾ? ಡಾಕ್ಟರಿಂದ ಉತ್ತರ ತಂದುಕೊಟ್ಟ ಮೇಲೆ, ಅನಿವಾರ್ಯವಾದಾಗ ರಿಯಾಯಿತಿ ಉಂಟು, ಧೈರ್ಯದಿಂದ ತೆಗೆದುಕೊಳ್ಳಲಿ ಎಂದರು. ಎರಡು ತಿಂಗಳಲ್ಲಿ ಭೇದಿ ಹಿಡಿತಕ್ಕೆ ಬಂತು. ನಿಮಗೂ ಈ ಸಂಶಯ ಬಂದರೆ ಔಷಧಿಯನ್ನು ಗುಟ್ಟಿನಲ್ಲಿ ಬಿಸಾಡಬೇಡಿ. ಡಾಕ್ಟರಿಗೂ ಹೇಳಿ, ತಿಳಿದ ಉಸ್ತಾದರಿಗೂ ಹೇಳಿ.

ಆ ಇಪ್ಪತ್ತೇಳನೇ ಉಪವಾಸ

ಆಪರೇಷನ್ ನಂತರದ ಮೊದಲ ರಮಝಾನ್. ಉಪವಾಸ ಸಾಧ್ಯವೇ ಇಲ್ಲ ಎಂದು ಡಾಕ್ಟರ್ ಹೇಳಿದ್ದರು. ಜಠರ ಇದ್ದವರು ಅತ್ತಾಳಕ್ಕೆ ಹೊಟ್ಟೆ ತುಂಬ ಉಂಡು, ನೀರು ಕುಡಿದು ದಿನ ಕಳೆಯಬಹುದು. ಉಮ್ಮನಿಗೆ ತುಂಬಿಸಿಡಲು ಜಾಗವೇ ಇಲ್ಲ. ಉಮ್ಮ ತಲೆ ಅಲ್ಲಾಡಿಸಿದ್ದರು. ಇಪ್ಪತ್ತಾರು ದಿನ ಅಲಾರಂ ಪ್ರಕಾರ ತಿಂದರು ಕೂಡ, ಬಾಗಿಲು ಹಾಕಿಕೊಂಡು, ಕಳ್ಳರ ಹಾಗೆ.

ಇಪ್ಪತ್ತೇಳರಂದು ಬಸಿಯಲ್ಲಿ ಇಟ್ಟದ್ದನ್ನು ಕೋಳಿಗೆ ಹಾಕಿ ಖಾಲಿ ಬಸಿ ತೋರಿಸುತ್ತಾ ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ಅಸರ್ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ಕುಸಿದು ಬಿದ್ದರು. ಶುಗರ್ 48. ಡ್ರಿಪ್ ಹಾಕಿ ಎರಡು ರಾತ್ರಿ ಆಸ್ಪತ್ರೆಯಲ್ಲಿ ಇರಬೇಕಾಯಿತು. ಎಚ್ಚರವಾದಾಗ ಹೇಳಿದ್ದು ಇಷ್ಟೆ: "ಏಳು ವರ್ಷದ ಮಗುವಾಗಿದ್ದಾಗಿನಿಂದ ಹಿಡಿದದ್ದು. ಒಂದಾದರೂ ಹಿಡಿಯುವ ಎಂದು."

ನಾವು ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲ. ಉಸ್ತಾದರೇ ಮನೆಗೆ ಬಂದು ಬಾಗಿಲ ಆಚೆ ಕೂತು ಮಾತಾಡಿದರು. ಕುರ್‌ಆನಿನಲ್ಲೇ ರೋಗಿಗೆ ವಿನಾಯಿತಿ ಇದೆ. ಮುಂದೆ ಉಪವಾಸ ಹಿಡಿಯುವ ಶಕ್ತಿ ಬಂದರೆ ಕಝಾ, ಬರುವ ಆಸೆ ಇಲ್ಲದಿದ್ದರೆ ಒಂದೊಂದು ದಿನಕ್ಕೂ ಬಡವರಿಗೆ ಆಹಾರ ಕೊಡುವ ಫಿದ್ಯಾ. ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ಇಬಾದತ್ತೇ ಎಂದು ತಿಳಿಸಿದರು. ಉಮ್ಮ ಒಪ್ಪಿದರಾ, ಸುಮ್ಮನಾದರಾ ನಮಗೆ ಗೊತ್ತಿಲ್ಲ. ಆದರೆ ಮರುವರ್ಷದಿಂದ ಫಿದ್ಯಾದ ಅಕ್ಕಿಯನ್ನು ತಾವೇ ಅಳೆದು ಕೊಡುತ್ತಾರೆ. ಬಾಗಿಲು ಹಾಕಿಕೊಳ್ಳದೆ ತಿನ್ನುತ್ತಾರೆ. ಮೊಮ್ಮಕ್ಕಳು "ಉಮ್ಮುಮ್ಮನಿಗೆ ನೋಂಬು ಇಲ್ಲವಾ" ಎಂದು ಕೇಳಿದಾಗ, ಯಾಕೆ ಇಲ್ಲ ಎಂದು ಅವರೇ ಹೇಳುತ್ತಾರೆ. ಮನೆಯಲ್ಲಿ ಇಂತಹ ರೋಗಿ ಇದ್ದರೆ ರಮಝಾನ್‌ಗೆ ಎರಡು ತಿಂಗಳು ಮೊದಲೇ ಈ ಮಾತು ಆಡಿಬಿಡಿ. ನಾವು ಆಡಿರಲಿಲ್ಲ.

ಆಸ್ಪತ್ರೆಗೆ ಕೂಡಲೇ ಹೋಗಬೇಕಾದದ್ದು ಯಾವಾಗ?

ಜ್ವರ ಅಥವಾ ಚಳಿ ನಡುಕ. ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು. ನೀರೂ ನಿಲ್ಲದ ವಾಂತಿ. ನುಂಗಿದ್ದು ಎದೆಯಲ್ಲೇ ನಿಲ್ಲುವುದು. ಗಾಯ ಕೆಂಪಾಗಿ ಕೀವು ಬರುವುದು. ಒಂದೇ ಕಾಲು ಊದಿ ನೋವಾಗುವುದು, ಒಮ್ಮೆಲೇ ಉಸಿರು ಕಟ್ಟುವುದು. ಕಪ್ಪು ಮಲ, ರಕ್ತ ವಾಂತಿ. ಇವುಗಳಲ್ಲಿ ಒಂದು ಕಂಡರೂ ಬೆಳಿಗ್ಗೆ ನೋಡುವ ಎನ್ನಬೇಡಿ. ಮೊದಲ ಆರರಿಂದ ಎಂಟು ವಾರ ಕೊಡಪಾನ ಎತ್ತುವುದು, ಕಡೆಯುವ ಕಲ್ಲು ತಿರುಗಿಸುವುದು ಬೇಡವೇ ಬೇಡ.

ಉಮ್ಮ ಈಗ ಆರು ತಿಂಗಳಿಗೊಮ್ಮೆ ಚೆಕಪ್‌ಗೆ ಹೋಗುತ್ತಾರೆ. ಮುಂದಿನದ್ದು ಬರುವ ತಿಂಗಳು. ಹಿಂದಿನ ರಾತ್ರಿ ನಮ್ಮಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ, ಅದು ಬದಲಾಗಿಲ್ಲ. ಬೀಡಿಯ ತಡ್ಪೆ ಅಟ್ಟಕ್ಕೆ ಹೋಯಿತು. ಅಡುಗೆಮನೆ ಮಾತ್ರ ಮತ್ತೆ ಅವರ ಕೈಯಲ್ಲಿದೆ. ಮೊನ್ನೆ ಹೊಸದಾಗಿ ಆಪರೇಷನ್‌ಗೆ ಹೊರಟ ಹೆಂಗಸೊಬ್ಬರು ಫೋನಿನಲ್ಲಿ ಅಳುತ್ತಾ "ಮತ್ತೆ ಉಣ್ಣುವುದು ಎಲ್ಲಿಗೆ ಇತ್ತಾ?" ಎಂದು ಕೇಳಿದರು. ಉಮ್ಮ ಸ್ಟವ್ ಸಣ್ಣ ಮಾಡಿ ಕೂತರು. "ಒಂದು ಬಸಿ ತೆಗೆದಿಡಿ" ಎಂದು ಶುರು ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ನಡುವೆ ಅಲಾರಂ ಹೊಡೆಯಿತು. ಫೋನ್ ಕಿವಿಯಲ್ಲೇ ಇಟ್ಟುಕೊಂಡು ತಿಂದರು.